ಅಲಾಸ್ಕಾ ಕ್ರೂಸ್‌ಗೆ ಬಾಲ್ಕನಿ ರೂಮ್ ಬೇಕೇ ಬೇಕಾ? ಹೋಗಿಬಂದವರು ಹೇಳಿ

ಸನ್ನಿವೇಲ್ ಸೊಸೆ
ಜೂನ್ ಎರಡನೇ ವಾರ ಸಿಯಾಟಲ್‌ನಿಂದ 7 ರಾತ್ರಿಯ ಅಲಾಸ್ಕಾ ಕ್ರೂಸ್ ನೋಡ್ತಿದೀವಿ. ಜೂನೊ, ಸ್ಕಾಗ್ವೇ, ಗ್ಲೇಸಿಯರ್ ಬೇ (ಹಿಮನದಿಗಳ ಕೊಲ್ಲಿ), ಕೆಚಿಕನ್, ಕೊನೇ ಸಂಜೆ ಕೆನಡಾದ ವಿಕ್ಟೋರಿಯಾ. ನಾವಿಬ್ಬರು ಎಚ್-1ಬಿ ಕೆಲಸದ ವೀಸಾದವರು. ಮೈಸೂರಿಂದ ಅತ್ತೆ ಮಾವ ಬರ್ತಾರೆ, 68 ಮತ್ತು 73. ಅತ್ತೆಗೆ ಮಂಡಿ ನೋವು, ಹತ್ತು ನಿಮಿಷದ ಮೇಲೆ ನಡೆಯೋಕಾಗಲ್ಲ. ಇಬ್ಬರೂ ಮೊಟ್ಟೆ ಸಹ ಮುಟ್ಟಲ್ಲ. ಪ್ರಶ್ನೆ ಎರಡೇ: ಬಾಲ್ಕನಿಗೆ ಅಷ್ಟು ದುಡ್ಡು ಹಾಕೋದು ಸಾರ್ಥಕವಾ? ಗಾಲಿಕುರ್ಚಿ ಹಡಗಲ್ಲೇ ಕೊಡ್ತಾರಾ?

ಒಳಕೋಣೆ
ಬೇಡ. ಕಿಟಕಿ ಇಲ್ಲದ ಒಳರೂಮೇ ಸಾಕು. ನಮ್ಮ ಬಿಲ್ಲಿನ ಪ್ರಕಾರ ಒಳರೂಮು ತಲೆಗೆ 780 ಡಾಲರ್, ಬಾಲ್ಕನಿ 1,420. ನಾಲ್ಕು ಜನಕ್ಕೆ ವ್ಯತ್ಯಾಸ 2,560. ಅದರಲ್ಲಿ ತಿಮಿಂಗಿಲ ನೋಡೋ ದೋಣಿಗೆ ತಲೆಗೆ 180ರ ಹಾಗೆ 720, ಸ್ಕಾಗ್ವೇ ರೈಲಿಗೆ 150ರ ಹಾಗೆ 600 ಕೊಟ್ಟರೂ 1,240 ಕೈಲಿ ಉಳಿಯುತ್ತೆ. ಟಿಪ್ಸ್ ಬೇರೆ: ದಿನಕ್ಕೆ ತಲೆಗೆ 17 ಅಂದ್ರೂ 7 ದಿನಕ್ಕೆ ನಾಲ್ವರಿಗೆ 476. ಬುಕ್ ಮಾಡುವಾಗ ತೋರಿಸೋ ದರದಲ್ಲಿ ಇದು ಇರಲ್ಲ. ಬಂದರು ತೆರಿಗೆನೂ ಕೆಲವರು ಕೊನೇ ಪುಟದಲ್ಲಿ ತೋರಿಸ್ತಾರೆ.

ಗ್ಲೇಸಿಯರ್ ಬೇ ದಿನ ರೂಮಲ್ಲಿ ಯಾರೂ ಇರಲ್ಲ. ಅವತ್ತು ಹಡಗಿನ ಮೂತಿ ಕಡೆಯ ಡೆಕ್ ತೆರೀತಾರೆ, ಎಡ, ಬಲ, ಎದುರು ಮೂರೂ ಕಾಣುತ್ತೆ. ಬಾಲ್ಕನಿಯಿಂದ ಕಾಣೋದು ಒಂದೇ ಮಗ್ಗುಲು. ಇನ್ನೊಂದು ಲಾಭ ಯಾರೂ ಹೇಳಲ್ಲ. ಜೂನ್‌ನಲ್ಲಿ ಜೂನೊದಲ್ಲಿ ಬೆಳಗಿನ ಜಾವ 4ಕ್ಕೇ ಸೂರ್ಯ, ಮುಳುಗೋದು ರಾತ್ರಿ 10ಕ್ಕೆ. ಒಳರೂಮಿನ ಕತ್ತಲಲ್ಲಿ ನಿದ್ದೆ ಚೆನ್ನಾಗಿ ಬರುತ್ತೆ.

ಎಂಟನೇ ಮಹಡಿ
ಮೇಲಿನವರು 73ರ ಹಿರಿಯರನ್ನ ಮೂತಿ ಡೆಕ್ ಮೇಲೆ ಎರಡು ಗಂಟೆ ನಿಲ್ಲಿಸ್ತಾರಂತೆ! ಹಡಗು 18 ನಾಟ್‌ನಲ್ಲಿ ಸಾಗ್ತಿದ್ರೆ, ಎಲೆ ಅಲ್ಲಾಡದ ದಿನವೂ ಮುಖಕ್ಕೆ ಗಂಟೆಗೆ 33 ಕಿ.ಮೀ. ಗಾಳಿ. ಥರ್ಮಾಮೀಟರ್ 8 ಡಿಗ್ರಿ ತೋರಿಸಿದ್ರೂ ಮೈಗೆ 4ರ ಹಾಗೆ ಅನ್ನಿಸುತ್ತೆ. ಬಾಲ್ಕನಿ ಇದ್ರೆ ಹತ್ತು ನಿಮಿಷ ಹೊರಗೆ, ಹತ್ತು ನಿಮಿಷ ಒಳಗೆ ಕಂಬಳಿ. ದುಡ್ಡು ಕೊಡೋದು ಅದಕ್ಕೆ.

ಒಂದೇ ಮಗ್ಗುಲು ಅನ್ನೋದೂ ಪೂರ್ತಿ ನಿಜ ಅಲ್ಲ. ಮಾರ್ಜರಿ ಹಿಮನದಿ ಎದುರು ಹಡಗು ಸುಮಾರು ಒಂದು ಗಂಟೆ ನಿಲ್ಲುತ್ತೆ, ನಿಂತಲ್ಲೇ ನಿಧಾನ ತಿರುಗಿ ಎರಡೂ ಕಡೆಯವರಿಗೂ ತೋರಿಸುತ್ತೆ. ಎಡವೋ ಬಲವೋ ಅಂತ ತಲೆ ಕೆಡಿಸ್ಕೋಬೇಡಿ. ಕೆಡಿಸ್ಕೋಬೇಕಾದ್ದು ಬೇರೆ. ಅಗ್ಗದ "ಗ್ಯಾರಂಟಿ" ಬಾಲ್ಕನಿ ತಗೊಂಡ್ರೆ ರೂಮ್ ನಂಬರ್ ಅವರಿಷ್ಟ, ಲೈಫ್‌ಬೋಟಿನ ಬೆನ್ನು ನೋಡ್ಕೊಂಡು ಏಳು ದಿನ ಕೂರಬೇಕಾಗಬಹುದು. ಡೆಕ್ ನಕ್ಷೆ ತೆಗೆದು ಮೇಲೊಂದು ಕೆಳಗೊಂದು ಮಹಡಿ ನೋಡಿ. ಎರಡೂ ಕಡೆ ರೂಮುಗಳೇ ಇರಬೇಕು. ಮೇಲೆ ಬಫೆ ಇದ್ರೆ ಬೆಳಗ್ಗೆ 5ಕ್ಕೆ ಕುರ್ಚಿ ಎಳೆಯೋ ಸದ್ದು ಶುರು. ಪೂರ್ತಿ ಹಣ ಕಟ್ಟೋ ಗಡುವು ಸಾಮಾನ್ಯವಾಗಿ ಹೊರಡೋಕೆ 90 ದಿನ ಮುಂಚೆ. ಅಲ್ಲಿವರೆಗೆ ವಾರವಾರ ದರ ನೋಡಿ, ಇಳಿದ್ರೆ ಹೊಸ ದರಕ್ಕೆ ಬದಲಾಯಿಸಿಕೊಳ್ಳಿ. ಗಡುವು ದಾಟಿದ ಮೇಲೆ 300 ಡಾಲರ್ ಇಳಿದ್ರೂ ನಮಗೆ ಮೂರು ಕಾಸೂ ವಾಪಸ್ ಇಲ್ಲ.

ಒಳಕೋಣೆ
ಕಂಬಳಿ ಹೊದ್ದು ನೋಡೋದಾದ್ರೆ ಟಿವಿಲೇ ನೋಡಬಹುದಿತ್ತು. ಹಡಗಿನ ಮೂತಿಯ ಕ್ಯಾಮೆರಾ ದೃಶ್ಯ ರೂಮಿನ ಟಿವಿಲೇ ಬರುತ್ತೆ, ಒಳರೂಮಲ್ಲೂ.

ವೀಸಾ ಸುಸ್ತು
ಬಾಲ್ಕನಿ ಜಗಳ ಆಮೇಲೆ ಆಡಿ. ಕೆನಡಾ ವೀಸಾ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲವಲ್ಲ!

ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರೋ ಹಡಗು ವಿಕ್ಟೋರಿಯಾದಲ್ಲಿ ಯಾಕೆ ನಿಲ್ಲುತ್ತೆ? 1886ರ ಅಮೆರಿಕದ ಕಾನೂನು. ವಿದೇಶಿ ಬಾವುಟದ ಹಡಗು ಪರದೇಶದ ಬಂದರು ಮುಟ್ಟದೆ ಪ್ರಯಾಣಿಕರನ್ನ ಅಮೆರಿಕದಿಂದ ಅಮೆರಿಕಕ್ಕೇ ಸುತ್ತಾಡಿಸೋ ಹಾಗಿಲ್ಲ. ಆ ನಾಲ್ಕೈದು ಗಂಟೆಗಾಗಿ ಭಾರತದ ಪಾಸ್‌ಪೋರ್ಟಿನ ನಾಲ್ಕೂ ಜನಕ್ಕೆ ಕೆನಡಾ ವಿಸಿಟರ್ ವೀಸಾ ಬೇಕು. "ನಾವು ಇಳಿಯಲ್ಲ, ಹಡಗಲ್ಲೇ ಇರ್ತೀವಿ" ಅಂದ್ರೆ ಕೇಳಲ್ಲ, ಸಿಯಾಟಲ್ ಚೆಕಿನ್‌ನಲ್ಲೇ ನಿಲ್ಲಿಸ್ತಾರೆ, ದುಡ್ಡೂ ಹೋಯ್ತು. ಗ್ರೀನ್ ಕಾರ್ಡ್ ಇದ್ದವರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಲಿರಬೇಕು.

ಅರ್ಜಿಗೆ 100 ಕೆನಡಿಯನ್ ಡಾಲರ್, ಬೆರಳಚ್ಚಿಗೆ 85. ಬೆರಳಚ್ಚು ಒಮ್ಮೆ ಕೊಟ್ರೆ 10 ವರ್ಷ ನಡೆಯುತ್ತೆ. ಅತ್ತೆ ಮಾವ ಬೆಂಗಳೂರಿನ ಸೆಂಟರ್‌ನಲ್ಲಿ ಕೊಟ್ಟು, ಸ್ಟಿಕ್ಕರ್ ಅಂಟಿಸಿಕೊಂಡೇ ವಿಮಾನ ಹತ್ತಲಿ. ಇಲ್ಲಿಗೆ ಬಂದ ಮೇಲೆ ಹಾಕಿದ್ರೆ ಪಾಸ್‌ಪೋರ್ಟ್ ಅಂಚೆಯಲ್ಲಿ ಓಡಾಡುತ್ತೆ, ನೀವು ದಿನ ಎಣಿಸ್ತೀರಿ. ಕನಿಷ್ಠ ಮೂರು ನಾಲ್ಕು ತಿಂಗಳು ಮುಂಚೆ ಹಾಕಿ. ಅವರ ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿ ಅಂತ ಕಣ್ಣಾರೆ ನೋಡಿ.

ನಿಮ್ಮಿಬ್ಬರ ಎಚ್-1ಬಿ ಸ್ಟಾಂಪ್ (ಪಾಸ್‌ಪೋರ್ಟಿನಲ್ಲಿರೋ ವೀಸಾ) ಮುಗಿದಿದ್ರೆ ಗಾಬರಿ ಬೇಡ. ಕೆನಡಾದಲ್ಲಿ 30 ದಿನದೊಳಗೆ ಇದ್ದು ಬಂದ್ರೆ, ಚಾಲ್ತಿಯ ಐ-94 (ಅಮೆರಿಕಕ್ಕೆ ಬಂದ ದಾಖಲೆ) ಇದ್ರೆ, ಅಲ್ಲಿ ಹೊಸ ಅಮೆರಿಕ ವೀಸಾಗೆ ಅರ್ಜಿ ಹಾಕದಿದ್ರೆ ಒಳಗೆ ಬಿಡೋ ನಿಯಮ ಇದೆ. ಐ-94 ಪ್ರಿಂಟ್ ಕೈಚೀಲದಲ್ಲಿರಲಿ. ಫೋನಲ್ಲಿದೆ ಅನ್ನಬೇಡಿ, ಹಡಗಿನ ನೆಟ್ ನಂಬೋ ಹಾಗಿಲ್ಲ.

ಪಣಂಬೂರು
ವೀಸಾ ಸಿಕ್ಕುವುದಾದರೆ ವ್ಯಾಂಕೂವರ್‌ನಿಂದಲೇ ಹೊರಡಿ ಮಾರಾಯ್ರೆ, ಸಿಯಾಟಲ್ ಯಾಕೆ? ಸಿಯಾಟಲ್ ಹಡಗುಗಳಲ್ಲಿ ಹೆಚ್ಚಿನವು ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್‌ನಲ್ಲಿ ಹೋಗುವುದು. ಮೊದಲ ರಾತ್ರಿಯೇ ತೂಗಾಟ. ವ್ಯಾಂಕೂವರ್ ಹಡಗು ದ್ವೀಪದ ಒಳಮಗ್ಗುಲಲ್ಲಿ, ಸೀಮರ್ ಕಿರುಜಲದಾರಿ ದಾಟಿ ಹೋಗ್ತದೆ. ನೀರು ಹೊಳೆಯ ಹಾಗೆ. ಆ ಕಿರುದಾರಿಯ ನಡುವಿನ ರಿಪಲ್ ರಾಕ್ ಎಂಬ ಬಂಡೆ ಎಷ್ಟೋ ಹಡಗು ನುಂಗಿತ್ತು, 1958ರಲ್ಲಿ ಅದರ ತಲೆಯನ್ನು ಸಿಡಿಸಿ ಹಾಕಿದರು. ಒಂದೇ ಕಷ್ಟ: ಮೂರು ಹಡಗು ಒಟ್ಟಿಗೆ ನಿಂತ ದಿನ ಕೆನಡಾ ಪ್ಲೇಸ್‌ನಲ್ಲಿ (ವ್ಯಾಂಕೂವರಿನ ಹಡಗುಕಟ್ಟೆ) ಅಮೆರಿಕ ಇಮಿಗ್ರೇಶನ್ ಸರತಿ ಎರಡು ಗಂಟೆಯೂ ಆದೀತು.

ತೂಗಾಟಕ್ಕೆ ರೂಮು ಹಡಗಿನ ನಡುವೆ, ಕೆಳಗಿನ ಮಹಡಿಯಲ್ಲಿ ಹಿಡಿಯಿರಿ. ತೊಟ್ಟಿಲಿನ ಕಟ್ಟಿಗೆ ಹತ್ತಿರ ಕೂತಷ್ಟು ಅಲುಗಾಟ ಕಡಿಮೆ. ಎಂಟನೇ ಮಹಡಿಯ ಬಾಲ್ಕನಿಯವರಿಗೆ ಇದು ತಿಳಿಯಲಿಲ್ಲವೋ ಏನೋ. ಅವೊಮಿನ್ ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ. ಹೊರಡುವ ಒಂದೆರಡು ಗಂಟೆ ಮೊದಲೇ ಬೇಕು. ಅದು ಮಂಪರು ತರ್ತದೆ, ಪ್ರಾಸ್ಟೇಟ್ ಅಥವಾ ಗ್ಲಾಕೋಮಾ ಉಂಟಾದರೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಎಂಟನೇ ಮಹಡಿ
ತಿಳಿದೇ ತಗೊಂಡಿದ್ದು ಸಾರ್. ನಡುಭಾಗದ ಎಂಟನೇ ಮಹಡಿ, ಮೂತಿಯ ಎರಡನೇ ಮಹಡಿಗಿಂತ ಕಡಿಮೆ ಅಲುಗಾಡುತ್ತೆ.

ಚಟ್ನಿಪುಡಿ ಡಬ್ಬಿ
ಊಟದ ಮಾತಿಗೆ ಬರ್ತೀನಿ. "ವೆಜಿಟೇರಿಯನ್" ಅಂತ ಬರೆಸಿದ್ರೆ ಪಾಸ್ತಾ, ಮೊಟ್ಟೆ ಹಾಕಿದ ಕೇಕು. ಬುಕಿಂಗ್ ಆದ ಕೂಡಲೇ "ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಬೇಡ" ಅಂತ ಬರೆಸಿ, ಮೊದಲ ರಾತ್ರಿ ಡೈನಿಂಗ್ ಹಾಲಿನ ಮೇಲ್ವಿಚಾರಕರನ್ನ ಖುದ್ದಾಗಿ ನೋಡಿ. ಮಾರನೇ ದಿನದ ಮೆನು ಹಿಂದಿನ ರಾತ್ರಿಯೇ ತಂದು ತೋರಿಸ್ತಾರೆ, ದಾಲ್, ಪಲ್ಯ, ಚಪಾತಿ ಅಂತ ಆಗಲೇ ಹೇಳಿ. ಅಡುಗೆಮನೇಲಿ ಗೋವಾ, ಕೇರಳ, ಮುಂಬೈಯವರು ಬೇಕಾದಷ್ಟು ಜನ. ಹೊತ್ತಿಗೆ ಮುಂಚೆ ಹೇಳಿದ್ರೆ ಪ್ರೀತಿಯಿಂದ ಮಾಡ್ತಾರೆ, ಟೇಬಲ್ಲಿಗೆ ಕೂತು ಕೇಳಿದ್ರೆ ಸಿಗೋದು ಬೇಯಿಸಿದ ಬ್ರಾಕೊಲಿ. ತರಕಾರಿ ಸೂಪ್ ಅಂತ ಬರೆದಿದ್ರೂ ಕೋಳಿ ಬೇಯಿಸಿದ ನೀರು (ಸ್ಟಾಕ್) ಇರಬಹುದು. ಗ್ಲೇಸಿಯರ್ ದಿನ ಡೆಕ್ ಮೇಲೆ ಹಂಚೋ ಬಟಾಣಿ ಸೂಪಲ್ಲಿ ಹಂದಿ ಮಾಂಸ ಇರೋದುಂಟು. ಕೇಳಿ ಕುಡೀರಿ.

ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ ಒಯ್ಯಬೇಡಿ. ಎಕ್ಸ್‌ರೇನಲ್ಲಿ ಹಿಡಿದು ಇಟ್ಕೊಂಡು ಕೊನೇ ದಿನ ಕೊಡ್ತಾರೆ. ಬಿಗಿಯಾಗಿ ಪ್ಯಾಕ್ ಆದ ಒಣ ತಿಂಡಿಗೆ ತಕರಾರಿಲ್ಲ. ಇನ್‌ಸ್ಟಂಟ್ ಗೊಜ್ಜವಲಕ್ಕಿಗೆ ಬಫೆಯ ಬಿಸಿನೀರೇ ಗತಿ, ಆದರೆ ಅದು ಕುದಿಯೋ ನೀರಲ್ಲ. ಪ್ಯಾಕೆಟ್ ಮೇಲೆ 3 ನಿಮಿಷ ಅಂತಿದ್ರೆ ನಂಬಬೇಡಿ, ಅವಲಕ್ಕಿಯ ನಡು ಬಿಳಿಯಾಗಿ ಗಟ್ಟಿ ಉಳಿಯುತ್ತೆ. ಸ್ಟೀಲ್ ಡಬ್ಬಿಗೆ ಮೊದಲು ಬರೀ ಬಿಸಿನೀರು ಹಾಕಿ ಕಾಯಿಸಿ ಚೆಲ್ಲಿ, ಆಮೇಲೆ ಅವಲಕ್ಕಿ, ಅದು ಮುಳುಗುವಷ್ಟು ನೀರು, ಮುಚ್ಚಳ, ಮೇಲೊಂದು ಟವೆಲ್, 8 ನಿಮಿಷ. ತೆಗೆದಾಗ ಹುಣಸೆ, ಬೆಲ್ಲದ ವಾಸನೆ ಎದ್ದರೆ ಆಯ್ತು ಅಂತ ಅರ್ಥ. ಬೆಳಗಿನ ಬಫೆಯ ಸಿಹಿ ಇಲ್ಲದ ಯೋಗರ್ಟ್, ಮಧ್ಯಾಹ್ನದ ಬಿಳಿ ಅನ್ನ, ಮೇಜಿನ ಉಪ್ಪು: ಮೊಸರನ್ನ. ಬಂದರಲ್ಲಿ ಇಳಿವಾಗ ಹಣ್ಣು ಮಾತ್ರ ಚೀಲದಲ್ಲಿ ಬೇಡ.

ಒಳಕೋಣೆ
ಹಿಮನದಿ ನೋಡೋಕೆ ಹೋಗಿ ಅವಲಕ್ಕಿ ನೆನೆಸೋದಾ?

ಚಟ್ನಿಪುಡಿ ಡಬ್ಬಿ
ಹಸಿದ ಹೊಟ್ಟೇಲಿ ಹಿಮನದಿ ಚೆನ್ನಾಗಿ ಕಾಣಲ್ಲ ಸ್ವಾಮಿ.

ಧಾರವಾಡದಾಂವ
ರೈಲಿನ ಬಗ್ಗೆ ಯಾರೂ ನೆಟ್ಟಗ ಹೇಳವಲ್ರಿ. ಸ್ಕಾಗ್ವೇದಾಗ ವೈಟ್ ಪಾಸ್ ರೈಲು ಬಿಡಬ್ಯಾಡ್ರಿ. 1898ರಾಗ ಬಂಗಾರದ ಹುಚ್ಚಿನ ಕಾಲಕ್ಕ ಸುರು ಮಾಡಿ 1900ಕ್ಕ ಮುಗಿಸಿದ್ದು, ಮೂರಡಿ ಅಗಲದ ಹಳಿ. ಸುಮಾರು 32 ಕಿ.ಮೀ.ದಾಗ ಸಮುದ್ರದಿಂದ 873 ಮೀಟರ್ ಏರತದ. ಹತ್ತುವಾಗ ಎಡಗಡೆ ಕೂಡ್ರಿ, ಕಣಿವೆ ಅದ ಕಡೆ. ಶಿಖರದಾಗ ಎಂಜಿನ್ ಆ ತುದಿಯಿಂದ ಈ ತುದಿಗೆ ಬರತದ, ಕುರ್ಚಿ ಬೆನ್ನು ಹೊಳ್ಳಿಸಿ ಎರಡೂ ಕಡೆಯವರು ಜಾಗ ಬದಲು ಮಾಡಬೇಕು. ಕೆಲವರು ಏಳಂಗಿಲ್ಲ, ಅಲ್ಲಿ ಜಗಳ. ಶಿಖರಕ್ಕ ಹೋಗಿ ಹಂಗ ಹೊಳ್ಳಿ ಬರೋ ಟಿಕೆಟ್ ತಗೋರಿ, ಕೆಳಗ ಇಳಿಯೂದ ಇಲ್ಲ, ನಡಿಯೂದ ಇಲ್ಲ, ಮಂಡಿನೋವಿನವರಿಗೆ ಛಲೋ. ಫ್ರೇಜರ್, ಕಾರ್‌ಕ್ರಾಸ್‌ತನಕ ಹೋಗೋದಿದ್ರ ಅದು ಕೆನಡಾ, ಮತ್ತ ಪಾಸ್‌ಪೋರ್ಟು, ವೀಸಾ.

ಹೆತ್ತೂರು
150 ಡಾಲರ್ ಕೊಟ್ಟು ಘಾಟಿ ರೈಲಾ? ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಹತ್ತಿ, 57 ಸುರಂಗ, ಮಳೆಗಾಲದಲ್ಲಿ ಹೆಜ್ಜೆಗೊಂದು ಜಲಪಾತ.

ಧಾರವಾಡದಾಂವ
ಅದರ ಏರು 50 ಮೀಟರಿಗೆ 1 ಮೀಟರ್, ಇದರದು 26ಕ್ಕ 1ರ ಹತ್ರ. ಜುಲೈದಾಗ ಗುಡ್ಡ ಜರದು ನಿಮ್ಮ ರೈಲು ನಿಂತಾಗ ಮಾತಾಡೋಣ್ರಿ.

ಹೆತ್ತೂರು
ಗುಡ್ಡ ಅಲ್ಲೂ ಕುಸಿಯುತ್ತೆ. 2025ರ ಆಗಸ್ಟ್‌ನಲ್ಲಿ ಅಲಾಸ್ಕಾದ ಟ್ರೇಸಿ ಆರ್ಮ್ ಅನ್ನೋ ಕಿರುಕೊಲ್ಲಿಯ ಹಿಮನದಿ ಪಕ್ಕ ಬೆಟ್ಟ ಜಾರಿ ಸುನಾಮಿಯೇ ಎದ್ದಿತ್ತು. ಟ್ರೇಸಿ ಆರ್ಮ್ ಅಂತ ಮುದ್ರಿಸಿರೋ ಹಡಗು ಹಿಡಿಯೋರು ದಾರಿ ಬದಲಾಗಿದೆಯಾ ಅಂತ ಕೇಳಿ.

ಬೇಗೂರು ಛತ್ರಿ
ಬಟ್ಟೆ. ಕೆಚಿಕನ್‌ನಲ್ಲಿ ವರ್ಷಕ್ಕೆ 3,800 ಮಿ.ಮೀ. ಹತ್ತಿರ ಮಳೆ, ಆಗುಂಬೆಯ ಅರ್ಧ. ಛತ್ರಿ ಹಡಗಿನ ಗಾಳಿಗೆ ಮಗುಚುತ್ತೆ, ತಲೆಗವಸಿನ ಮಳೆಕೋಟೇ ಬೇಕು. ಮೈಗೆ ಅಂಟಿದ್ದು ಥರ್ಮಲ್, ಮೇಲೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್, ಹೊರಗೆ ನೀರು ನುಗ್ಗದ ಜಾಕೆಟ್. ಹತ್ತಿ ಬನಿಯನ್ ಬೆವರು ಹೀರಿ ಒಣಗಲ್ಲ, ಚಳಿ ಹಿಡಿಯೋದು ಅಲ್ಲಿಂದಲೇ. ಹಿಮಪರ್ವತ ಹತ್ತೋರ 400 ಡಾಲರ್ ಜಾಕೆಟ್ ದಂಡ. ಮಾವನವರ ಮಂಕಿ ಕ್ಯಾಪ್ ಬಿಡಿಸಬೇಡಿ, ಕಿವಿಗೆ ಅದಕ್ಕಿಂತ ಒಳ್ಳೇದಿಲ್ಲ. ದುರ್ಬೀನು 8x42 (8 ಪಟ್ಟು ಹಿಗ್ಗಿಸಿ ತೋರಿಸೋದು) ಇರಲಿ, ಅಲುಗೋ ಡೆಕ್ ಮೇಲೆ 10xಗಿಂತ ಚಿತ್ರ ನಿಲ್ಲುತ್ತೆ.

ಹಿಮ ಮುರಿದು ಬೀಳೋದನ್ನ ಸದ್ದು ಕೇಳಿ ತಿರುಗಿ ನೋಡೋರಿಗೆ ಬರೀ ನೀರಿನ ಉಂಗುರ ಸಿಗುತ್ತೆ. ಒಂದು ಕಿ.ಮೀ. ದೂರದಿಂದ ಸದ್ದು ಬರೋಕೆ 3 ಸೆಕೆಂಡ್, ಅಷ್ಟರಲ್ಲಿ ತುಂಡು ಮುಳುಗಿ ಆಗಿರುತ್ತೆ. ಹಿಮದ ಗೋಡೆಯ ಬುಡದಲ್ಲಿ ಸಣ್ಣ ಪುಡಿ ಉದುರ್ತಿರೋ ಜಾಗ ಹುಡುಕಿ ಅಲ್ಲೇ ಕಣ್ಣಿಡಿ. ದೊಡ್ಡದು ಬಿದ್ದರೆ ಒಳಗಿನ ಮೈ ಕಡುನೀಲಿ, ಹೊಸ ಇಂಕಿನ ಬಾಟಲಿ ಒಡೆದ ಹಾಗೆ.

ಎಂಟನೇ ಮಹಡಿ
ಅದನ್ನ ಬಾಲ್ಕನಿಯಲ್ಲಿ ಕೂತು ಕಾಯಬಹುದು.

ಒಳಕೋಣೆ
ಬಿಡಲ್ಲ ಇವರು.

ಸನ್ನಿವೇಲ್ ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ಗಾಲಿಕುರ್ಚಿ?

ಪಣಂಬೂರು
ಹಡಗಿನ ಕುರ್ಚಿ ಹತ್ತುವಾಗ, ಇಳಿಯುವಾಗ ಮಾತ್ರ ಅಕ್ಕ. ವಾರಪೂರ್ತಿ ಬೇಕಾದರೆ ಮಡಚುವಂಥದ್ದು ತನ್ನಿ, ಇಲ್ಲ ಬಾಡಿಗೆಗೆ ಹೇಳಿ ರೂಮಿಗೆ ತರಿಸಿ. ಮಡಚಿದ ಅಗಲ, ರೂಮಿನ ಬಾಗಿಲಿನ ಅಗಲ ಎರಡನ್ನೂ ಮೊದಲೇ ಕೇಳಿ. ಆ ಕಡೆ ಭರತ ಇಳಿತದ ವ್ಯತ್ಯಾಸ 5-6 ಮೀಟರ್ ಆಗ್ತದೆ, ನಮ್ಮ ಮಂಗಳೂರಿನಲ್ಲಿ ಒಂದೂವರೆ. ಅದರಿಂದ ಬೆಳಿಗ್ಗೆ ಮಟ್ಟಸವಾಗಿದ್ದ ಇಳಿದಾರಿ ಮಧ್ಯಾಹ್ನಕ್ಕೆ ಕಡಿದಾದೀತು. ಆ ದಿನದ ಇಳಿತದ ಸಮಯ ನೋಡಿ ಅತ್ತೆಯನ್ನು ಇಳಿಸಿ. ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗುವ ಬಂದರಾದರೆ ಕುರ್ಚಿಯವರನ್ನು ಬಿಡದೆಯೂ ಇರಬಹುದು. ಜೂನೊದಲ್ಲಿ ಮೆಂಡನ್‌ಹಾಲ್ ಹಿಮನದಿಗೆ 2 ಡಾಲರಿನ ಸಿಟಿ ಬಸ್ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಎರಡೂವರೆ ಕಿ.ಮೀ. ಮೊದಲೇ ಇಳಿಸ್ತದೆ.