ಸಾನ್ ಮಾರ್ಕೋ ಚೌಕ, ನವೆಂಬರ್, ಜೊತೆಗೆ ಅಮ್ಮನ ಮಂಡಿನೋವು: ಅನುಭವ ಇರೋರು ಹೇಳಿ

ಪ್ರಶ್ನೆ: ನವೆಂಬರ್‌ನಲ್ಲಿ ವೆನಿಸ್‌ಗೆ ಎರಡು ದಿನ. ಅಮ್ಮನಿಗೆ ಮೆಟ್ಟಿಲು ಆಗಲ್ಲ. ರೂಮು ಚೌಕದ ಹತ್ತಿರವೋ, ಆಚೆ ದಡದ ಮೆಸ್ತ್ರೆಯಲ್ಲೋ? ನೀರು ಏರುತ್ತಂತೆ, ಗಮ್‌ಬೂಟು ಬೇಕಾ?

ಅಲೆಮಾರಿ72: ಬೂಟು ಬೇಡವೇ ಬೇಡ. 2020ರ ಅಕ್ಟೋಬರ್‌ನಿಂದ ಸಮುದ್ರದ ಉಬ್ಬರ ತಡೆಯೋ ಮೋಸೆ ತಡೆಗೋಡೆ ಏಳ್ತಿದೆ. ಲಗೂನು, ಅಂದರೆ ಊರ ಸುತ್ತಲಿನ ಹಿನ್ನೀರು, ಸಮುದ್ರ ಸೇರೋ ಮೂರು ಬಾಯಿಗೆ 78 ಗೇಟು. 2019ರ 187 ಸೆಂ.ಮೀ. ಉಬ್ಬರದ ಫೋಟೋ ನೋಡಿ ಈಗಲೂ ಹೆದರೋದು ತಪ್ಪು.

ಕಡಲೂರು: ಅರ್ಧ ಮಾತು ಹೇಳಿ ಜನರ ಕಾಲು ನೆನೆಸಬೇಡಿ! ಉಬ್ಬರದ ಮುನ್ಸೂಚನೆ 110 ಸೆಂ.ಮೀ. ದಾಟಿದರೆ ಗೇಟು ಎತ್ತೋದು ವಾಡಿಕೆ. ಚೌಕ ಊರಲ್ಲೇ ತಗ್ಗಿನ ಜಾಗ, 80-85ಕ್ಕೇ ಒದ್ದೆ. ನಡುವಿನ 25 ಸೆಂ.ಮೀ. ಯಾರ ಲೆಕ್ಕಕ್ಕೆ? ಇಲ್ಲಿ ನೀರು ಮೊದಲು ದಡ ಹತ್ತಿ ಬರಲ್ಲ. ನೆಲಹಾಸಿನ ಚರಂಡಿ ತೂತುಗಳಲ್ಲಿ ಗುಳುಗುಳು ಅಂತ ಮೇಲೆ ಉಕ್ಕುತ್ತೆ. ಮಳೆನೀರು ಇಳಿಯೋ ದಾರಿಯಲ್ಲೇ ಲಗೂನು ವಾಪಸ್ ಬರೋದು. ಚೌಕದ ದೊಡ್ಡ ಚರ್ಚು ಬಸಿಲಿಕಾ ಸುತ್ತ 2022ರಲ್ಲಿ ಗಾಜಿನ ಗೋಡೆ ಹಾಕಿದ್ದೇ ಇದಕ್ಕೆ. ಗೇಟು ಸಾಕಾಗಿದ್ದರೆ ಗಾಜು ಯಾಕೆ?

ಅಲೆಮಾರಿ72: ನೀರು ಬಂದಾಗ ನಡೆಯೋಕೆ ಎತ್ತರದ ಹಲಗೆ ಹಾಕ್ತಾರಲ್ಲ.

ಕಡಲೂರು: ಆ ಹಲಗೆಗೆ ಕಂಬಿ ಇಲ್ಲ, ಎದುರಿಂದಲೂ ಜನ. ಮಂಡಿ ನೋಯುವವರನ್ನ ಅದರ ಮೇಲೆ ನಿಲ್ಲಿಸ್ತೀರಾ? ನಗರಸಭೆಯ ಉಬ್ಬರ ಮುನ್ಸೂಚನೆ ನೋಡಿ. ಅಮಾವಾಸ್ಯೆ, ಹುಣ್ಣಿಮೆಗೆ ಆಗ್ನೇಯದಿಂದ ಬೀಸೋ ಸಿರೊಕ್ಕೊ ಗಾಳಿ ಸೇರಿದರೆ ಹುಷಾರು. ಉಬ್ಬರದ ತುದಿ ದಾಟಿ ಮೂರು ಗಂಟೆ ಬಿಟ್ಟು ಹೋದರೆ ಸಾಮಾನ್ಯವಾಗಿ ಚೌಕದ ನೀರು ಇಳಿದಿರುತ್ತೆ. ನೆಲ ಮಾತ್ರ ಜಾರುತ್ತೆ.

ತುಂಗಾತೀರ: ಇಬ್ಬರೂ ನೀರಲ್ಲೇ ಮುಳುಗಿದ್ದೀರಿ, ಮೆಟ್ಟಿಲ ಮಾತೇ ಇಲ್ಲ. ಸಾನ್ ಝಕ್ಕರಿಯಾ ದೋಣಿ ಸ್ಟಾಪಲ್ಲಿ ಇಳಿದರೆ ಪಾಲಿಯಾ ಸೇತುವೆ ಹತ್ತಿ ಇಳೀಬೇಕು. ವಲ್ಲರೆಸ್ಸೊ ಸ್ಟಾಪಲ್ಲಿ ಇಳಿದು ಎದುರಿನ ಓಣಿಯಲ್ಲಿ ನೇರ ಹೋಗಿ ಬಲಕ್ಕೆ ತಿರುಗಿ, ಒಂದೂ ಸೇತುವೆ ಇಲ್ಲದೆ ಚೌಕ. ದಡದ ತೋಟದ ಕಡೆ ತಿರುಗಬೇಡಿ, ಅಲ್ಲೂ ಮೆಟ್ಟಿಲ ಸೇತುವೆ ಇದೆ. ಗಂಟೆಗೋಪುರಕ್ಕೆ ಲಿಫ್ಟ್ ಇದೆ. 1902ರಲ್ಲಿ ಕುಸಿದು ಮತ್ತೆ ಕಟ್ಟಿದ್ದು. ರೂಮು ವಲ್ಲರೆಸ್ಸೊ ಪಕ್ಕದಲ್ಲೇ ಮಾಡಿ, ದುಬಾರಿಯಾದರೂ ಸರಿ.

ಅಲೆಮಾರಿ72: ಮೆಸ್ತ್ರೆಯಿಂದ ವೆನಿಸ್‌ನ ಸಾಂತಾ ಲುಚಿಯಾ ಸ್ಟೇಷನ್ನಿಗೆ ರೈಲು ಹತ್ತೇ ನಿಮಿಷ. ದುಡ್ಡು ಸುರಿಯೋದು ಯಾಕೆ?

ತುಂಗಾತೀರ: ಆಮೇಲೆ ಒಂದನೇ ನಂಬರ್ ದೋಣಿಯಲ್ಲಿ ಮುಕ್ಕಾಲು ಗಂಟೆ ಯಾರು ನಿಲ್ಲೋದು? 75 ನಿಮಿಷದ ಟಿಕೆಟ್ 9.50 ಯೂರೋ, ತಲೆಗೆ, ಹೋಗಿ ಬರೋಕೆ ಎರಡು ಸಲ. ಮೂವರಿದ್ದರೆ ದಿನಕ್ಕೆ 57. ಮಧ್ಯಾಹ್ನ ಅಮ್ಮ ಒಂದು ಗಂಟೆ ಕಾಲು ಚಾಚಬೇಕು ಅಂದರೆ ಎಲ್ಲಿಗೆ ಹೋಗ್ತೀರಿ? ಚೌಕದ ಮೆಟ್ಟಿಲ ಮೇಲೆ ಕೂತರೆ ದಂಡ.

ಕಡಲೂರು: ಕೆಫೆಯಲ್ಲಿ ಕೂರಬಹುದು. ಫ್ಲೋರಿಯಾನ್ 1720ರಿಂದ ಇದೆ.

ಅಲೆಮಾರಿ72: ವಾದ್ಯದವರು ನುಡಿಸ್ತಿದ್ದರೆ ತಲೆಗಿಷ್ಟು ಅಂತ ಬಿಲ್ಲಿಗೆ ಸೇರಿಸ್ತಾರೆ, ಅದನ್ನೂ ಹೇಳಿ!

ಕಡಲೂರು: ಮೆನುವಿನಲ್ಲೇ ಬರೆದಿರುತ್ತೆ, ಕೂರೋ ಮುಂಚೆ ಓದಿ. ಮಂಡಿನೋವಿನವರಿಗೆ ಕುರ್ಚಿ ಸಿಗೋದೇ ದೊಡ್ಡದು. ಬೂಟು ಮಾತ್ರ ಮರೀಬೇಡಿ.