ಸಣ್ಣ ಮರಗೆಲಸಕ್ಕೆ ಒಣಗಿದ ಗಟ್ಟಿ ಕಟ್ಟಿಗೆ: ಹುಬ್ಬಳ್ಳಿ-ಧಾರವಾಡದ ಸುತ್ತ ಎಲ್ಲಿ, ಹೇಗೆ ಕೊಳ್ಳಬೇಕು?

ಪ್ರಶ್ನೆ: ಧಾರವಾಡದ ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ಮನೆಯ ಹಿತ್ತಲಿನಲ್ಲಿ ಸಣ್ಣದೊಂದು ಶೆಡ್ ಹಾಕಿಕೊಂಡು, ರಜೆಯ ದಿನಗಳಲ್ಲಿ ಪೆಟ್ಟಿಗೆ, ವ್ಯಾಸಪೀಠ, ಊಟದ ಮಣೆ, ಸೌಟು ಮುಂತಾದವನ್ನು ಮಾಡುತ್ತಿದ್ದೇನೆ. ಒಂದೊಂದು ಕೆಲಸಕ್ಕೆ ಬೇಕಾಗುವ ಕಟ್ಟಿಗೆ ಅರ್ಧ ಘನ ಅಡಿಯನ್ನೂ ಮೀರುವುದಿಲ್ಲ. ಆದರೆ ಕಟ್ಟಿಗೆ ಮಾರುವ ಅಡ್ಡೆಗಳಿಗೆ ಹೋದರೆ ಬಾಗಿಲು, ಕಿಟಕಿಗಳ ಚೌಕಟ್ಟಿಗೆ ಬೇಕಾದ ದಪ್ಪ ತುಂಡುಗಳನ್ನೇ ತೋರಿಸುತ್ತಾರೆ. ಮುಕ್ಕಾಲು ಇಂಚಿನ ಎರಡು ಹಲಗೆ ಸಾಕೆಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕಳೆದ ಶ್ರಾವಣದಲ್ಲಿ ಪೂರ್ತಿ ಒಣಗಿದೆ ಎಂದು ಒಬ್ಬ ವ್ಯಾಪಾರಿ ಭರವಸೆಯಿಂದ ಕೊಟ್ಟ ಸಾಗವಾನಿಯಲ್ಲಿ ಪೆಟ್ಟಿಗೆ ಮಾಡಿದ್ದೆ. ಯುಗಾದಿಯ ಹೊತ್ತಿಗೆ ಅದರ ಮುಚ್ಚಳ ಮೂಲೆ ಎತ್ತಿಕೊಂಡು ಸರಿಯಾಗಿ ಕೂರದಂತಾಯಿತು. ಸಣ್ಣ ಪ್ರಮಾಣದಲ್ಲಿ ಕೊಡುವವರನ್ನು ಹುಡುಕುವುದು ಹೇಗೆ, ಸಾಗವಾನಿಯಲ್ಲದೆ ನಮ್ಮ ಭಾಗದಲ್ಲಿ ಯಾವ ಕಟ್ಟಿಗೆ ಯೋಗ್ಯ, ಒಣಗಿದೆಯೇ ಇಲ್ಲವೇ ಎಂಬುದನ್ನು ಮನೆಯಲ್ಲಿಯೇ ತಿಳಿಯುವ ಬಗೆ ಯಾವುದು ಎಂದು ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ: ಹುಬ್ಬಳ್ಳಿಯ ಪೀಠೋಪಕರಣ ಕೆಲಸಗಾರ

ಸರ, ಅಡ್ಡೆಯವರ ವ್ಯಾಪಾರ ನಡೆಯುವುದು ಮನೆ ಕಟ್ಟುವವರಿಂದ. ಆದ್ದರಿಂದ ಎರಡು ಹಲಗೆಗಾಗಿ ಇಡೀ ತುಂಡನ್ನು ಕೊಯ್ಯಿಸಲು ಅವರು ಒಪ್ಪದಿರುವುದು ಸಹಜ. ತಾವು ಹೋಗಬೇಕಾದದ್ದು ಸಾ ಮಿಲ್‌ಗಳಿಗೆ ಮತ್ತು ಬಾಗಿಲು-ಚೌಕಟ್ಟು ಮಾಡುವ ಕಾರ್ಖಾನೆಗಳಿಗೆ. ಚೌಕಟ್ಟು ಕೊಯ್ದ ಮೇಲೆ ಎರಡು-ಮೂರು ಅಡಿಯ ತುಂಡುಗಳು ಗೋಡೆಗೆ ಒರಗಿಕೊಂಡು ಉಳಿದಿರುತ್ತವೆ. ಅವರಿಗೆ ಅವು ಜಾಗ ಹಿಡಿಯುವ ವಸ್ತು, ತಮಗೆ ಅವೇ ಪೆಟ್ಟಿಗೆಯ ನಾಲ್ಕು ಬದಿ. ಬೆಳಗ್ಗೆ ಲಾರಿ ತುಂಬುವ ಗಡಿಬಿಡಿಯಲ್ಲಿ ಹೋಗದೆ, ಮಧ್ಯಾಹ್ನ ಊಟದ ನಂತರ ಹೋಗಿರಿ. ಬೇಕಾದ ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡು, ರಂದಾ (ಕಟ್ಟಿಗೆಯನ್ನು ಹೆರೆದು ನಯಮಾಡುವ ಉಪಕರಣ) ಹೊಡೆದಾಗ ಹೋಗುವ ಭಾಗಕ್ಕಾಗಿ ದಪ್ಪದಲ್ಲಿ ಕಾಲು ಇಂಚು ಹೆಚ್ಚು ಸೇರಿಸಿ ಕೇಳಿರಿ.

ಲೆಕ್ಕವನ್ನು ತಾವೇ ಮಾಡಿಕೊಳ್ಳುವುದು ಒಳ್ಳೆಯದು. ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 6 ಇಂಚು ಅಗಲ, 1 ಇಂಚು ದಪ್ಪ, 8 ಅಡಿ ಉದ್ದದ ಮೂರು ಹಲಗೆ ಸೇರಿದರೆ ಸರಿಯಾಗಿ ಒಂದು ಘನ ಅಡಿ. ದುಂಡನೆಯ ದಿಮ್ಮಿಗೆ ಬೇರೆ ಲೆಕ್ಕವಿದೆ: ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುತ್ತಾರೆ. 48 ಇಂಚು ಸುತ್ತಳತೆಯ 10 ಅಡಿ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ ಆಗುತ್ತದೆ. ಅದರ ನಿಜವಾದ ಗಾತ್ರ 12.7 ಘನ ಅಡಿಗಿಂತ ಸ್ವಲ್ಪ ಹೆಚ್ಚು. ಈ ವ್ಯತ್ಯಾಸವನ್ನು ಕೊಯ್ತದಲ್ಲಿ ಹೋಗುವ ಹೊಟ್ಟು ಮತ್ತು ತೊಗಟೆಯ ಕಡೆಯ ಸಿಬಿರುಗಳಿಗೆ ಬಿಟ್ಟದ್ದೆಂದು ತಿಳಿಯಿರಿ. ಕೊಯ್ದ ಹಲಗೆಗೆ ದಿಮ್ಮಿಯ ದರವನ್ನೂ ದಿಮ್ಮಿಗೆ ಹಲಗೆಯ ದರವನ್ನೂ ಹೋಲಿಸಲು ಹೋಗಬಾರದು.

ಉತ್ತರ: ಕಲಘಟಗಿಯ ಬಡಿಗೇರ ಮನೆತನದವರು

ನಮ್ಮ ಊರಿನ ಬಣ್ಣದ ತೊಟ್ಟಿಲುಗಳು ಹೆಸರಾಗಿರುವುದರಿಂದ ಒಳ್ಳೆಯ ಸಾಗವಾನಿಯನ್ನು ಇಲ್ಲಿ ಎಲ್ಲರೂ ಗುರುತಿಸಬಲ್ಲರು. ಯಲ್ಲಾಪುರ, ಹಳಿಯಾಳ, ದಾಂಡೇಲಿ ಕಡೆಯ ಅರಣ್ಯ ಇಲಾಖೆಯ ಡಿಪೋಗಳಲ್ಲಿ ದಿಮ್ಮಿಗಳನ್ನು ಲಾಟ್ ಲೆಕ್ಕದಲ್ಲಿ ಹರಾಜು ಹಾಕುತ್ತಾರೆ. ಮುಂಗಡ ಠೇವಣಿ ಇಟ್ಟು ಇಡೀ ಲಾಟ್ ಎತ್ತಬೇಕಾದ್ದರಿಂದ ತಮ್ಮಂಥ ಹವ್ಯಾಸಿಗೆ ಅದು ಹೊಂದುವುದಿಲ್ಲ. ಆ ಹರಾಜಿನಲ್ಲಿ ಕೊಂಡು ಕೊಯ್ಯಿಸುವ ಮಿಲ್‌ನವರ ಪರಿಚಯ ಮಾಡಿಕೊಂಡರೆ ಸಾಕು.

ತಮ್ಮ ಮುಚ್ಚಳದ ವಿಷಯಕ್ಕೆ ಬರುತ್ತೇನೆ. ಗಾಳಿಯಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಹಳೆಯ ಅಂದಾಜು. ಮಳೆಗಾಲದ ಧಾರವಾಡದಲ್ಲಿ ಒಣಗಿದಂತೆ ಕಂಡ ಹಲಗೆ ಮಾರ್ಚ್-ಏಪ್ರಿಲ್‌ನ ಬಿಸಿಲಿನಲ್ಲಿ ಮತ್ತೆ ನೀರು ಬಿಡುತ್ತದೆ. ಕಟ್ಟಿಗೆ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಕುಗ್ಗುತ್ತದೆ. ಅದರಲ್ಲಿಯೂ ವರ್ಷದ ಉಂಗುರಗಳು ಹಲಗೆಯ ಮುಖಕ್ಕೆ ಮಲಗಿದಂತಿದ್ದರೆ, ನಿಂತಂತಿರುವ ಹಲಗೆಗಿಂತ ಸುಮಾರು ಎರಡರಷ್ಟು ಕುಗ್ಗಿ ಬಾಗುತ್ತದೆ. ಹಲಗೆಯ ತುದಿಯನ್ನು ರಂದಾದಿಂದ ಒಮ್ಮೆ ನಯಮಾಡಿ ನೋಡಿದರೆ ಉಂಗುರಗಳ ಗೆರೆ ಕಾಣುತ್ತದೆ. ಮುಚ್ಚಳಕ್ಕೆ ಗೆರೆಗಳು ನೆಟ್ಟಗೆ ನಿಂತಿರುವ ಹಲಗೆಯನ್ನೇ ಆರಿಸಿರಿ. ಅಗಲವಾದ ಮುಚ್ಚಳವಾದರೆ ಸುತ್ತ ಚೌಕಟ್ಟು ಮಾಡಿ, ನಡುವಿನ ಹಲಗೆಯನ್ನು ಚೌಕಟ್ಟಿನ ಒಳಬದಿಗೆ ಉದ್ದಕ್ಕೂ ಕೊರೆದ ಗಾಡಿಯಲ್ಲಿ (ಸಂದಿನಲ್ಲಿ) ಅಂಟು ಹಾಕದೆ ಸಡಿಲವಾಗಿ ಕೂರಿಸಿರಿ.

ಒಣಗಿರುವುದನ್ನು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ಹಲಗೆಯ ಮೇಲೆ ಪೆನ್ಸಿಲ್‌ನಿಂದ ತೂಕ ಮತ್ತು ದಿನಾಂಕ ಬರೆದು ವಾರಕ್ಕೊಮ್ಮೆ ತೂಗಿರಿ. ತೂಕ ಇಳಿಯುತ್ತಿರುವವರೆಗೆ ಕೆಲಸಕ್ಕೆ ಎತ್ತಿಕೊಳ್ಳಬೇಡಿರಿ. ಮೀಟರ್ ಇದ್ದರೆ 10ರಿಂದ 12 ಶೇಕಡಾ ತೇವಾಂಶ ನಮ್ಮ ಭಾಗದ ಮನೆಯೊಳಗಿನ ವಸ್ತುಗಳಿಗೆ ಸರಿ. ಅಲ್ಲಿಯವರೆಗೆ ಹಲಗೆಗಳ ನಡುವೆ ಒಂದೇ ದಪ್ಪದ ಪಟ್ಟಿಗಳನ್ನು ಒಂದರ ನೇರಕ್ಕೆ ಒಂದಿಟ್ಟು ಪೇರಿಸಿ, ಎರಡೂ ತುದಿಗಳಿಗೆ ಪೇಂಟ್ ಬಳಿಯಿರಿ; ತುದಿಯಿಂದ ನೀರು ಬೇಗ ಹೋದರೆ ಸೀಳು ಬಿಡುತ್ತದೆ.

ಉತ್ತರ: ಗದಗಿನಿಂದ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಸಾಗವಾನಿಯ ಹಿಂದೆಯೇ ಏಕೆ ಬೀಳಬೇಕು ಎಂಬುದು ನನ್ನ ಪ್ರಶ್ನೆ. ನಮ್ಮ ಕಡೆ ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ಹಳೆಯ ಮನೆಗಳನ್ನು ಕೆಡವಿದಾಗ ತೊಲೆ, ಜಂತಿ, ಕಂಬಗಳು ಹಳೆಯ ಕಟ್ಟಿಗೆಯ ಅಂಗಡಿಗಳಿಗೆ ಬರುತ್ತವೆ. ಎರಡು ತಲೆಮಾರು ಸೂರಿನಡಿ ಇದ್ದ ಕಟ್ಟಿಗೆಗಿಂತ ಚೆನ್ನಾಗಿ ಒಣಗಿದ್ದು ಯಾವ ಮಿಲ್‌ನಲ್ಲಿಯೂ ಸಿಗಲಾರದು. ಮೇಲೆ ಹೊಗೆ, ಸುಣ್ಣ ಹಿಡಿದು ಕಪ್ಪಗೆ ಕಂಡರೂ ಎರಡು ಎಳೆ ರಂದಾ ಹೊಡೆದರೆ ಒಳಗಿನ ಚೇಗು (ಮರದ ನಡುವಿನ ಗಟ್ಟಿ ಭಾಗ) ಹೊಸದರಂತೆ ಹೊಳೆಯುತ್ತದೆ. ಆದರೆ ಕೊಯ್ಯುವ ಮೊದಲು ಅಯಸ್ಕಾಂತವನ್ನು ನಾಲ್ಕೂ ಮುಖದ ಮೇಲೆ ನಿಧಾನವಾಗಿ ಎಳೆಯಿರಿ. ತಲೆ ಮುರಿದ ಒಂದು ಮೊಳೆ ಗರಗಸದ ಹಲ್ಲುಗಳನ್ನು ಕಳೆಯುವುದಲ್ಲದೆ ಕೈಗೂ ಅಪಾಯ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿದೆ ಎಂದು ಬಿಟ್ಟುಬಿಡಿರಿ.

ಬೇವು, ಜಾಲಿ ಎರಡೂ ಬಯಲುಸೀಮೆಯಲ್ಲಿ ಧಾರಾಳವಾಗಿ ಬೆಳೆಯುತ್ತವೆ. ಚಕ್ಕಡಿಯ ಗಾಲಿಗೂ ನೇಗಿಲಿಗೂ ನಮ್ಮ ಹಿರಿಯರು ನಂಬಿದ್ದು ಜಾಲಿಯನ್ನೇ. ಕೊಡತಿ, ಉಳಿಯ ಹಿಡಿಕೆಗಳಿಗೆ ಅದಕ್ಕಿಂತ ಯೋಗ್ಯವಾದದ್ದನ್ನು ನಾನು ಕಂಡಿಲ್ಲ. ಅದರ ಹೊರಗಿನ ಬಿಳಿ ಭಾಗಕ್ಕೆ ಹುಳು ಬೇಗ ಹಿಡಿಯುವುದರಿಂದ ಚೇಗನ್ನು ಮಾತ್ರ ಬಳಸಿರಿ. ಮಲೆನಾಡಿನ ಕಡೆಯಿಂದ ಬರುವ ಹಲಸು ಪೆಟ್ಟಿಗೆಗೆ ಬಲು ಸೊಗಸು: ಹಳದಿಯಾಗಿದ್ದದ್ದು ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಉಳಿಗೂ ಸುಲಭವಾಗಿ ಬಗ್ಗುತ್ತದೆ. ಮತ್ತಿ ಭಾರ, ಎಳೆ ಅಡ್ಡಾದಿಡ್ಡಿ. ಕೈರಂದಾದಲ್ಲಿ ಕೆಲಸ ಮಾಡುವವರಿಗೆ ಸಲಹೆ ಮಾಡಲಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಾನಗಲ್ಲಿನ ನಮ್ಮ ಮಾವನವರ ಹೊಲದ ಬದುವಿನಲ್ಲಿ ಒಂದು ಹೊನ್ನೆ ಮರವಿದೆ. ಅದನ್ನು ಕಡಿಸಿ ತರಬಹುದೇ?

ಉತ್ತರ: ಹಾವೇರಿಯಿಂದ

ಸ್ವಂತ ಹೊಲದ ಮರವೆಂದು ನೇರವಾಗಿ ಕೊಡಲಿ ಹಾಕಬೇಡಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ಅನುಮತಿ ಬೇಕು, ಸಾಗಿಸಲು ಅರಣ್ಯ ಇಲಾಖೆಯ ರಹದಾರಿಯೂ ಬೇಕಾಗುತ್ತದೆ. ಮೊದಲು ಅಲ್ಲಿನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಹೊಲದ ಉತಾರದೊಂದಿಗೆ (ಪಹಣಿಯೊಂದಿಗೆ) ವಿಚಾರಿಸಿರಿ. ಇನ್ನು ಹೊನ್ನೆಯನ್ನು ಸೌಟಿಗೆ ಬಳಸಬೇಡಿರಿ. ಅದು ನೀರಿಗೆ ಬಣ್ಣ ಬಿಡುತ್ತದೆ. ಪೆಟ್ಟಿಗೆ, ವ್ಯಾಸಪೀಠಕ್ಕೆ ಅಡ್ಡಿಯಿಲ್ಲ. ಅಂಗಡಿಯಲ್ಲಿ ಕೊಂಡ ಕಟ್ಟಿಗೆಗೂ, ಅದರಲ್ಲಿಯೂ ಬೀಟೆಗೆ, ಬಿಲ್ ಇಲ್ಲದೆ ಹಣ ಕೊಡಬೇಡಿರಿ. ಯಾವ ಜಾತಿಯ ಮರವೆಂಬ ಸಂದೇಹ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಒಂದು ತುಂಡನ್ನು ಕಳುಹಿಸಬಹುದು. ಅಲ್ಲಿ ಶುಲ್ಕ ಪಡೆದು ಪರೀಕ್ಷಿಸಿ ಹೇಳುತ್ತಾರೆ.