ಹಳೇ ನೆರಳಿನ ಮರ ತೆಗೆದು ಶುಂಠಿಗೆ ಕೊಟ್ಟರೆ ಮಣ್ಣಿನ ಕಾರ್ಬನ್ ಎಷ್ಟು ಹೋಗುತ್ತದೆ?

ಪ್ರಶ್ನೆ – ಮೂಡಿಗೆರೆ ತೋಟ

ನಮಸ್ಕಾರ. ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಹಳೇ ಅರೇಬಿಕಾ ಕಾಫಿ ತೋಟ. ಬಿಳಿ ಕಾಂಡಕೊರಕ ಹುಳ ಬಿದ್ದು ಅರ್ಧಕ್ಕರ್ಧ ಗಿಡ ಹೋಗಿವೆ. ಮೇಲಿನ ಅತ್ತಿ, ಬಸರಿ, ಹಲಸು ಎಲ್ಲ ಅಜ್ಜನ ಕಾಲದವು. ಎಲ್ಲಾ ತೆಗೆದು ಶುಂಠಿಗೆ ಗುತ್ತಿಗೆ ಕೊಡೋಣ, ಆಮೇಲೆ ನೆರಳಿಗೆ ಸಿಲ್ವರ್ ಓಕ್ ಮರ ಹಾಕಿ ರೋಬಸ್ಟಾ ಕಾಫಿ ಇಡೋಣ ಅಂತ ತಮ್ಮ ಹೇಳುತ್ತಾನೆ. ಮಣ್ಣು ಹಾಳಾಗುತ್ತದಲ್ಲ ಎಂದರೆ ಅವನ ಹತ್ತಿರ ಉತ್ತರ ಇದೆ: ಈಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಮರ ಬೇಗ ಬೆಳೆಯುತ್ತದೆ, ತರಗು ಜಾಸ್ತಿ ಬೀಳುತ್ತದೆ, ಮಣ್ಣು ತಾನೇ ಸರಿಹೋಗುತ್ತದೆ ಅಂತ. ಮಣ್ಣು ಪರೀಕ್ಷೆ ಕಾರ್ಡಿನಲ್ಲಿ ಸಾವಯವ ಇಂಗಾಲ (ಕಾರ್ಬನ್) ಶೇಕಡಾ 2.4, ಪಕ್ಕದಲ್ಲಿ 'ಅಧಿಕ' ಎಂದು ಬರೆದಿದೆ. ಅಷ್ಟಿದ್ದ ಮೇಲೆ ಸ್ವಲ್ಪ ಹೋದರೂ ನಡೆಯುತ್ತದೆ ಅಲ್ವಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಉತ್ತರ – ಸಕಲೇಶಪುರ ಏಲಕ್ಕಿ

ಕೊಡಬೇಡಿ ಅಣ್ಣ. ಶುಂಠಿಯವರು ಕೊಳೆ ರೋಗದ ಭಯಕ್ಕೆ ಅದೇ ಜಾಗದಲ್ಲಿ ಮತ್ತೆ ಹಾಕುವುದಿಲ್ಲ, ಮುಂದಿನ ಹೊಲ ಹುಡುಕಿಕೊಂಡು ಹೋಗುತ್ತಾರೆ. ಮಣ್ಣು ಉಳಿಯುವುದು ನಿಮಗೆ. ಆಷಾಢದ ಮಳೆಯಲ್ಲಿ ಆ ಪಾತಿಗಳಿಂದ ಇಳಿಯುವ ನೀರಿನ ಬಣ್ಣ ಒಮ್ಮೆ ಹೋಗಿ ನೋಡಿ.

ಉತ್ತರ – ಕೊಪ್ಪದ ಮಣ್ಣು

ನಾನು ಓದಿದ್ದು ಮಣ್ಣು ವಿಜ್ಞಾನ, ಈಗ ಕೊಪ್ಪದ ಹತ್ತಿರ ನಮ್ಮ ತೋಟ ನೋಡಿಕೊಳ್ಳುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿಮ್ಮ ತಮ್ಮನ ಮಾತು ಕೇಳಲು ಸರಿ ಅನಿಸುತ್ತದೆ. ಬಹಳ ಜನ ಇದನ್ನೇ ನಂಬಿ ಮರ ಕಡಿಸುತ್ತಿದ್ದಾರೆ.

ಮೊದಲು ಆ ಕಾರ್ಡ್. ಅದರಲ್ಲಿ 0.75 ದಾಟಿದರೆ 'ಅಧಿಕ'. ಬಯಲುಸೀಮೆಯ ಹೊಲಕ್ಕೂ ನಿಮ್ಮ ತೋಟಕ್ಕೂ ಅದೇ ಅಳತೆ. ನಿಮ್ಮ 2.4 ಅರ್ಧ ಕಳೆದುಹೋಗಿ 1.2 ಆದರೂ ಕಾರ್ಡ್ 'ಅಧಿಕ' ಎಂದೇ ಹೇಳುತ್ತದೆ. ಹಾಗಾಗಿ ಆ ಪದ ನೋಡಿ ಧೈರ್ಯ ಮಾಡಬೇಡಿ, ಅಂಕಿ ನೋಡಿ.

ಲೆಕ್ಕ ಹಾಕೋಣ. ಒಂದು ಎಕರೆಯಲ್ಲಿ ಮೇಲಿನ 20 ಸೆಂ.ಮೀ. ಮಣ್ಣು, ಒಂದು ಘನ ಮೀಟರ್‌ಗೆ 1.1 ಟನ್ ಎಂದು ಹಿಡಿದರೆ, ಹೆಚ್ಚುಕಮ್ಮಿ 890 ಟನ್ ತೂಗುತ್ತದೆ. ಅದರಲ್ಲಿ 2.4 ಶೇಕಡಾ ಎಂದರೆ ಸುಮಾರು 21 ಟನ್ ಕಾರ್ಬನ್. ಕಾಲು ಭಾಗ ಹೋಯಿತು ಅಂದುಕೊಳ್ಳಿ. ಎಕರೆಗೆ 5 ಟನ್ ಮೇಲೆ. ಅದು ಪೂರ್ತಿ ಗಾಳಿಗೆ ಸೇರಿದರೆ 20 ಟನ್ನಿನಷ್ಟು ಕಾರ್ಬನ್ ಡೈಆಕ್ಸೈಡ್. ನಿಮ್ಮದು ಮೂರು ಎಕರೆ. ಕಾಲು ಭಾಗ ಎಂದು ನಾನು ಕಮ್ಮಿಯೇ ಹಿಡಿದಿದ್ದೇನೆ. 2002ರಲ್ಲಿ ಗುವೊ ಮತ್ತು ಗಿಫರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆ ದೇಶಗಳ ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ, ಕಾಡು ಕಡಿದು ಬೇಸಾಯ ಮಾಡಿದ ಕಡೆ ಮಣ್ಣಿನ ಕಾರ್ಬನ್ ಸರಾಸರಿ 42 ಶೇಕಡಾ ಇಳಿದಿತ್ತು. ಕಾಫಿ ತೋಟ ಕಾಡಲ್ಲ, ನಿಜ. ಆದರೆ ಅತ್ತಿ ಬಸರಿ ಇರುವ ಹಳೇ ತೋಟ ಬಯಲಿಗಿಂತ ಕಾಡಿಗೇ ಹತ್ತಿರ.

ಯಾಕೆ ಹೋಗುತ್ತದೆ? ಉದುರಿದ ತರಗನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ, ಅವು ಸತ್ತ ಮೇಲಿನ ಉಳಿಕೆ ಜೇಡಿಗೆ, ನಮ್ಮ ಕೆಂಪು ಮಣ್ಣಿನ ಕಬ್ಬಿಣದ ಅಂಶಕ್ಕೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದು, ಮಣ್ಣಿನ ಸಣ್ಣ ಉಂಡೆಗಳ ಒಳಗೆ ಸೇರಿಕೊಂಡದ್ದು, ಎಷ್ಟೋ ವರ್ಷ ಉಳಿಯುತ್ತದೆ. ಶುಂಠಿಗೆ ಮಣ್ಣನ್ನು ಎರಡು ಸಲ ಬುಡಮೇಲು ಮಾಡುತ್ತಾರೆ, ಪಾತಿ ಏರಿಸುವಾಗ ಒಮ್ಮೆ, ಕೀಳುವಾಗ ಇನ್ನೊಮ್ಮೆ. ಬೂದಿ ಮುಚ್ಚಿದ ಕೆಂಡಕ್ಕೆ ಊದಿದ ಹಾಗೆ. ಉಂಡೆ ಒಡೆಯುತ್ತದೆ, ಗಾಳಿ ಸಿಗುತ್ತದೆ, ಬಿಸಿಲು ನೇರ ಬೀಳುತ್ತದೆ, ಒಳಗಿದ್ದದ್ದನ್ನೆಲ್ಲ ಜೀವಿಗಳು ತಿಂದು ಮುಗಿಸುತ್ತವೆ. ಇಳಿಜಾರಿನಲ್ಲಿ ಉಳಿದದ್ದನ್ನು ಮಳೆ ಒಯ್ಯುತ್ತದೆ. ಕಳೆಯಲು ಕೆಲವೇ ವರ್ಷ ಸಾಕು, ಕೂಡಿಸಲು ನಿಮ್ಮ ಮಕ್ಕಳ ಕಾಲ ಬೇಕು.

ಈಗ ತಮ್ಮನ ಮಾತಿಗೆ ಬರುತ್ತೇನೆ. ಕೈಗಾರಿಕೆ ಶುರುವಾಗುವ ಮುಂಚೆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಭಾಗ ಇದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ. ಮರ ಸ್ವಲ್ಪ ಜಾಸ್ತಿ ಬೆಳೆಯುವುದೂ ಸುಳ್ಳಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಪೈನ್ ಮರಗಳ ಸುತ್ತ ಕೊಳವೆ ನಿಲ್ಲಿಸಿ 1996ರಿಂದ ವರ್ಷಗಟ್ಟಲೆ ಈ ಅನಿಲ ಬಿಟ್ಟು ನೋಡಿದರು. ಮರ ದಪ್ಪವಾಯಿತು, ಮಣ್ಣಿನ ಕಾರ್ಬನ್ ಏರಲಿಲ್ಲ. ಜಾಸ್ತಿ ಬೆಳೆಯುವ ಮರಕ್ಕೆ ಜಾಸ್ತಿ ಸಾರಜನಕ ಬೇಕು. ಅದಕ್ಕೆ ಬೇರಿನಿಂದ ಸಕ್ಕರೆ ಬಿಟ್ಟು ಜೀವಿಗಳನ್ನು ಸಾಕುತ್ತದೆ, ಅವು ಹಳೇ ಸಾವಯವ ಅಂಶ ಒಡೆದು ಸಾರಜನಕ ಬಿಡಿಸಿ ಕೊಡುತ್ತವೆ. ಹೊಸದು ಬರುತ್ತದೆ, ಹಳೇದು ಹೋಗುತ್ತದೆ. 2021ರಲ್ಲಿ ಇಂಥ 108 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗಲೂ ಕಾಡಿನ ಮಣ್ಣಿನಲ್ಲಿ ಏರಿಕೆ ಕಾಣಲಿಲ್ಲ, ಹುಲ್ಲುಗಾವಲಿನಲ್ಲಿ 8 ಶೇಕಡಾ ಏರಿತ್ತು. ಬಾಬಾಬುಡನ್‌ಗಿರಿಯ ಹುಲ್ಲುಗುಡ್ಡಗಳನ್ನು 'ಸುಮ್ನೆ ಬೋಳು ಬಿದ್ದಿವೆ, ಗಿಡ ನೆಡಿ' ಅನ್ನುವವರಿಗೂ ಇದು ಗೊತ್ತಿರಬೇಕು. ಅಲ್ಲಿ ಕಾರ್ಬನ್ ಇರುವುದು ಹುಲ್ಲಿನ ಕೆಳಗೆ.

ನನ್ನ ಸಲಹೆ: ಕೊರಕ ಬಿದ್ದ ಗಿಡ ಮಾತ್ರ ಕಿತ್ತು ಸುಡಿ. ಆ ಗುಂಡಿಗಳಿಗಷ್ಟೇ ರೋಬಸ್ಟಾ ಇಡಿ, ಅದಕ್ಕೆ ಈ ಹುಳದ ಕಾಟ ಕಮ್ಮಿ. ಮರಗಸಿ ಮಾಡಿ ಬೆಳಕು ಬಿಡಿಸಿ, ಬುಡ ಕಡಿಯಬೇಡಿ. ಸಿಲ್ವರ್ ಹಾಕುವುದಾದರೂ ನಡುವೆ ಹಾಲುವಾಣದ ಮರ ಇರಲಿ. ಅದರ ಸೊಪ್ಪು ತಿಂಗಳೊಪ್ಪತ್ತಿನಲ್ಲಿ ಕರಗಿ ಮಣ್ಣಿಗೆ ಸೇರುತ್ತದೆ, ಸಿಲ್ವರ್ ತರಗು ಅಷ್ಟು ಬೇಗ ಕರಗುವುದಿಲ್ಲ.

ಪ್ರಶ್ನೆ – ಮೂಡಿಗೆರೆ ತೋಟ

ತುಂಬಾ ಉಪಕಾರ ಸರ್. ತಮ್ಮನಿಗೂ ಓದಿ ಹೇಳಿದೆ. ಕೆಳಗೆ ಒಂದು ಎಕರೆ ಗದ್ದೆ ಬೆಳೆ ಇಲ್ಲದೆ ಹಡ್ಲು ಬಿದ್ದಿದೆ, ಶುಂಠಿ ಅಲ್ಲಿಗೆ ಕೊಡಬಹುದಾ ಅಂತ ಕೇಳುತ್ತಾನೆ.

ಉತ್ತರ – ಕೊಪ್ಪದ ಮಣ್ಣು

ವರ್ಷವಿಡೀ ಜೌಗು ಇದ್ದರೆ ಬೇಡ. ನೀರು ನಿಂತಲ್ಲಿ ಗಾಳಿ ಇಳಿಯುವುದಿಲ್ಲ, ಅದಕ್ಕೇ ಅಲ್ಲಿ ಕಾರ್ಬನ್ ಉಳಿದಿರುತ್ತದೆ. ಕಾಲುವೆ ತೆಗೆದು ಬಸಿದರೆ ಅದೂ ಕರಗಲು ಶುರು. ಬಸಿಯದಿದ್ದರೆ ಶುಂಠಿ ಕೊಳೆಯುತ್ತದೆ. ಮೇಲಿನ ಒಣ ಮಡಿ ಒಂದೆರಡಿದ್ದರೆ ಅಲ್ಲಿ ಹಾಕಿ, ಪಾತಿಗೆ ಸೊಪ್ಪು ದಪ್ಪಗೆ ಹೊದಿಸಿ, ಕಿತ್ತ ಮೇಲೆ ಖಾಲಿ ಬಿಡದೆ ಅಲಸಂದೆ ಚೆಲ್ಲಿ. ಮುಂದಿನ ಸಲ ಮಣ್ಣು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಒಯ್ಯುವಾಗ ತೋಟದ್ದು, ಗದ್ದೆಯದು ಬೇರೆ ಬೇರೆ ಚೀಲದಲ್ಲಿ ಕಟ್ಟಿ. ಆಳ ಎಷ್ಟು ಅಂತ ಚೀಟಿಯಲ್ಲಿ ಬರೆದಿಡಿ, ಮತ್ತೆ ತೆಗೆಯುವಾಗ ಅಷ್ಟೇ ಆಳಕ್ಕೆ ತೆಗೆಯಿರಿ.